ಗ್ರಾಫಿನ ಕೆಳಗೊಂದು ಸ್ಲೈಡರ್

ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿನ್ಯಾಗ ಕುಂತು ಕೇಳಾಕತ್ತಿದ್ರ ಒಂದು ಕೆಲಸ ಮಾಡ್ರಿ. ಫೋನಿನ ಬ್ರೈಟ್‌ನೆಸ್ ಒಮ್ಮೆ ಹೆಚ್ಚು-ಕಡಿಮೆ ಮಾಡ್ರಿ. ಬೆರಳಿನ ಕೆಳಗೆ ಸರಿದಾಡಿತಲ್ಲ, ಅದು ಸ್ಲೈಡರ್. ಅದು ಗಣಿತದ ಗ್ರಾಫಿಗೆ ಹೆಂಗ ಬಂತು ಅನ್ನೋದು ಇವತ್ತಿನ ಕಥೆ.

ನಾನು ಬಿ.ಕಾಂ. ಓದಿದವ. ಎಸ್ಸೆಸ್ಸೆಲ್ಸಿಯಲ್ಲಿ ವರ್ಗ ಸಮೀಕರಣದ ಗ್ರಾಫ್ ಅಂದ್ರ ಒಂದು ಕೋಷ್ಟಕ, ಏಳು ಚುಕ್ಕಿ, ಒಂದು ವಕ್ರರೇಖೆ. ಸಮೀಕರಣದ ಒಂದು ಅಂಕಿ ಬದಲಾದ್ರೂ ಮತ್ತೆ ಹೊಸ ಹಾಳೆ. ಅಂಕಿ ಬದಲಾದಂತೆ ರೇಖೆ ಹೇಗೆ ಹೊರಳುತ್ತದೆ ಅನ್ನೋದು ನನಗೆ ಎಂದೂ ಕಾಣಲಿಲ್ಲ.

ಸರಿಸಿ ಲೆಕ್ಕ ಮಾಡೋದು ಹೊಸದೇನಲ್ಲ. 1614ರಲ್ಲಿ ಜಾನ್ ನೇಪಿಯರ್ ಲಾಗರಿದಮ್ ಪ್ರಕಟಿಸಿದರು. 1620ರ ದಶಕದಲ್ಲಿ ವಿಲಿಯಂ ಆಟ್ರೆಡ್ ಎರಡು ಲಾಗ್ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ಸರಿಸಿದರು. ಅದೇ ಸ್ಲೈಡ್ ರೂಲ್. ನಮ್ಮ ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಶುರುವಾದ 1947ರಲ್ಲೂ ಜಗತ್ತಿನ ಎಂಜಿನಿಯರುಗಳ ಕೈಯಲ್ಲಿದ್ದದ್ದು ಅದೇ. 1972ರಲ್ಲಿ ಎಚ್‌ಪಿ-35 ಅನ್ನೋ ಕಿಸೆ ಕ್ಯಾಲ್ಕುಲೇಟರ್ ಬಂತು, ಸ್ಲೈಡ್ ರೂಲ್ ಮೂಲೆ ಸೇರಿತು. ಒತ್ತಿದ ತಕ್ಷಣ ಉತ್ತರ ಸಿಕ್ಕಿತು. ಆದರ ಉತ್ತರ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಅನ್ನೋ ಕೈಯ ಅನುಭವ ಹೋಯಿತು.

ಅದನ್ನು ಗ್ರಾಫಿನ ರೂಪದಲ್ಲಿ ಮರಳಿ ತಂದವರಲ್ಲಿ ಒಬ್ಬರು ಮಾರ್ಕುಸ್ ಹೋಹೆನ್‌ವಾರ್ಟರ್. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಜಿಯೋಜೀಬ್ರಾ ಶುರು ಮಾಡಿದರು. 'ವೈ = ಎ ಎಕ್ಸ್ ವರ್ಗ' ಅಂತ ಬರೆದು 'ಎ'ಗೆ ಒಂದು ಸ್ಲೈಡರ್ ಕೊಡ್ರಿ. ಬಲಕ್ಕೆ ಎಳೆದರೆ ಬಟ್ಟಲು ಕಿರಿದಾಗುತ್ತದೆ. ಎಡಕ್ಕೆ ಎಳೆದರೆ ಅಗಲವಾಗುತ್ತಾ ಸೊನ್ನೆಗೆ ಬಂದಾಗ ನೆಟ್ಟಗಿನ ಗೆರೆ. ಸೊನ್ನೆ ದಾಟಿದರೆ ಬಟ್ಟಲು ಬೋರಲು! ನನ್ನ ಏಳು ಚುಕ್ಕಿಗಳು ಹೇಳದಿದ್ದದ್ದು ಇದೇ.

ಮೊದಮೊದಲು ಇದನ್ನು ವೆಬ್ ಪುಟದಲ್ಲಿ ಓಡಿಸಲು ಜಾವಾ ಆಪ್ಲೆಟ್ ಬೇಕಿತ್ತು. 2014ರಲ್ಲಿ ಎಚ್‌ಟಿಎಂಎಲ್5 ಅಧಿಕೃತ ಮಾನದಂಡವಾಯಿತು. ಅದರಲ್ಲಿ ಸ್ಲೈಡರ್ ಇಡೋಕೆ ಒಂದೇ ಸಾಲಿನ ಕೋಡ್ ಸಾಕು. ಮರುವರ್ಷ ಕ್ರೋಮ್ ಬ್ರೌಸರ್ ಜಾವಾ ಪ್ಲಗಿನ್ನಿಗೆ ಬಾಗಿಲು ಹಾಕಿತು. ಹಿಂಗಾಗಿ ಗ್ರಾಫ್ ಫೋನಿಗೂ ಇಳಿಯಿತು.

ಕರ್ನಾಟಕದ ಪಾಲೂ ಇದೆ. 2011ರಿಂದ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ, ರಾಜ್ಯದ ಶಿಕ್ಷಣ ಇಲಾಖೆಯ ಜೊತೆ 'ಸಬ್ಜೆಕ್ಟ್ ಟೀಚರ್ ಫೋರಂ' ನಡೆಸಿತು. ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕರು ಅಲ್ಲಿ ಜಿಯೋಜೀಬ್ರಾ ಕಲಿತರು. ಬೇರೆಯವರು ಮಾಡಿಟ್ಟ ಸ್ಲೈಡರ್ ಎಳೆಯೋದಷ್ಟೇ ಅಲ್ಲ, ತಮ್ಮ ಪಾಠಕ್ಕೆ ಬೇಕಾದ್ದನ್ನು ತಾವೇ ಮಾಡಿಕೊಳ್ಳೋದು.

ಇದು ಯಾಕೆ ಮುಖ್ಯ ಅಂತ ನನಗೆ ಗೊತ್ತಾದದ್ದು ಮನೆಯಲ್ಲಿ. ಅಣ್ಣ 10 ಲಕ್ಷದ ಮನೆ ಸಾಲಕ್ಕೆ ಒಂದು ವೆಬ್ ಪುಟ ನೋಡುತ್ತಿದ್ದ. ಬಡ್ಡಿ ಶೇ 9. ಅವಧಿಯ ಸ್ಲೈಡರನ್ನು 15ರಿಂದ 20 ವರ್ಷಕ್ಕೆ ಎಳೆದ. ಕಂತು 10,143 ರೂಪಾಯಿಯಿಂದ 8,997ಕ್ಕೆ ಇಳಿಯಿತು. "ನೋಡೋ ತಮ್ಮಾ, ಹನ್ನೊಂದು ನೂರು ಉಳೀತು" ಅಂದ. ಒಟ್ಟು ಬಡ್ಡಿ ಎಷ್ಟು ಅಂತ ಆ ಪುಟದಾಗ ಇರಲೇ ಇಲ್ಲ. ಅವತ್ತು ರಾತ್ರಿ ನಾನೇ ಒಂದು ಗ್ರಾಫ್ ಮಾಡಿದೆ. ಸ್ಲೈಡರ್ ಅದೇ, ರೇಖೆ ಮಾತ್ರ ಒಟ್ಟು ಬಡ್ಡಿಯದು. 15 ವರ್ಷಕ್ಕೆ ಸುಮಾರು 8.26 ಲಕ್ಷ, 20ಕ್ಕೆ 11.59 ಲಕ್ಷ. ಅಣ್ಣ ಎರಡು ಸಲ ಆ ಕಡೆ ಈ ಕಡೆ ಎಳೆದು ನೋಡಿದ. ಮಾತಾಡಲಿಲ್ಲ. ಮರುದಿನ 15 ವರ್ಷಕ್ಕೇ ಅರ್ಜಿ ಹಾಕಿದ.

ಸ್ಲೈಡರ್ ಸುಳ್ಳು ಹೇಳಿರಲಿಲ್ರಿ. ಅದಕ್ಕೆ ಯಾವ ರೇಖೆ ಕಟ್ಟಿದ್ದರೋ ಅದನ್ನಷ್ಟೇ ತೋರಿಸಿತ್ತು. ಮುಂದಿನ ಸಲ ಯಾವುದಾದರೂ ಪುಟದಾಗ ಸ್ಲೈಡರ್ ಎಳೆಯುವಾಗ ಒಂದು ಪ್ರಶ್ನೆ ಕೇಳಿಕೊಳ್ರಿ: ಇಲ್ಲಿ ಕಾಣದ ರೇಖೆ ಯಾವುದು? ಮುಂದಿನ ಕಂತಿನ್ಯಾಗ ಸಿಗೋಣ. ಬರ್ತೀನ್ರಿ.