ಸುಂಕವೂ ಸಿಲಿಂಡರೂ: ಮನೆಯಲ್ಲಿ ಕಟ್ಟಿದ ಕಾರುಗಳ ಎಂಜಿನು

ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ, ಹೊಸ ಕಾರನ್ನು ಕೊಳ್ಳುವಷ್ಟು ದ್ರವ್ಯಾನುಕೂಲವಿಲ್ಲದಿದ್ದರೂ ವೇಗದ ವ್ಯಾಮೋಹವನ್ನು ತೊರೆಯಲಾರದ ತರುಣರು, ಹಳೆಯ ವಾಹನಗಳ ಭಾಗಗಳನ್ನು ಸಂಗ್ರಹಿಸಿ, ತಮ್ಮ ಮನೆಯ ಗ್ಯಾರೇಜಿನಲ್ಲಿಯೇ ಕಾರನ್ನು ಕಟ್ಟಿಕೊಳ್ಳುವ ಪದ್ಧತಿಯನ್ನು ರೂಢಿಗೆ ತಂದರು. ಚೌಕಟ್ಟು, ಚಕ್ರ, ಮೈಹೊದಿಕೆಗಳ ವಿಷಯದಲ್ಲಿ ಅವರ ಸ್ವಾತಂತ್ರ್ಯ ಬಹುಮಟ್ಟಿನದಾಗಿದ್ದಿತು. ಆದರೆ ಎಂಜಿನನ್ನು ಯಾರೂ ಮನೆಯಲ್ಲಿ ಎರಕ ಹೊಯ್ಯಲಾರರು. ಅದನ್ನು ಇದ್ದುದರಲ್ಲಿ ಆರಿಸಿಕೊಳ್ಳಬೇಕು. ಆ ಇದ್ದುದನ್ನು ನಿರ್ಣಯಿಸಿದುದಾದರೋ ತೆರಿಗೆಯ ಸೂತ್ರ, ಅಗ್ನಿಶಾಮಕ ದಳದ ಅವಶ್ಯಕತೆ, ಗುಜರಿ ವ್ಯಾಪಾರಿಯ ಬೆಲೆ ಮುಂತಾದ, ಪಂದ್ಯದ ಅಂಗಳಕ್ಕೆ ದೂರವಾಗಿ ತೋರುವ ಕಾರಣಗಳು.

ಆ ಕಾಲದ ಬಡ ಹವ್ಯಾಸಿಗೆ ಸುಲಭವಾಗಿ ದೊರೆಯುತ್ತಿದ್ದುದು 1934ರಲ್ಲಿ ಬಳಕೆಗೆ ಬಂದ ಫೋರ್ಡ್ ಟೆನ್ ಕಾರಿನ 1172 ಸಿಸಿ ಎಂಜಿನು. ಅದರ ಸಿಲಿಂಡರಿನ ವ್ಯಾಸ 63.5 ಮಿಲಿಮೀಟರು, ಸ್ಟ್ರೋಕು 92.5 ಮಿಲಿಮೀಟರು, ಎಂದರೆ ಕಿರಿದಾದ ಕೊಳವೆಯಲ್ಲಿ ಪಿಸ್ಟನ್ನು ಬಹುದೂರ ಏರಿಳಿಯಬೇಕು. ಯಂತ್ರಶಾಸ್ತ್ರಜ್ಞನು ಸ್ವೇಚ್ಛೆಯಿಂದ ಆರಿಸಿಕೊಂಡ ಪ್ರಮಾಣವಲ್ಲ ಇದು. 1921ರಿಂದ ಬ್ರಿಟನ್ನಿನಲ್ಲಿ ಕಾರಿನ ವಾರ್ಷಿಕ ತೆರಿಗೆಯನ್ನು ಅಶ್ವಶಕ್ತಿಯ ಮೇಲೆ ವಿಧಿಸುತ್ತಿದ್ದರು. ಆ ಅಶ್ವಶಕ್ತಿಯನ್ನಾದರೂ ಯಂತ್ರವನ್ನು ಓಡಿಸಿ ಅಳೆಯದೆ, ಸಿಲಿಂಡರಿನ ವ್ಯಾಸವನ್ನು ಅಂಗುಲಗಳಲ್ಲಿ ವರ್ಗಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಿ ಪಡೆಯುತ್ತಿದ್ದರು. ಎರಡೂವರೆ ಅಂಗುಲ ವ್ಯಾಸದ ನಾಲ್ಕು ಸಿಲಿಂಡರುಗಳನ್ನು ಈ ಸೂತ್ರಕ್ಕೆ ಒಡ್ಡಿದರೆ ಸರಿಯಾಗಿ ಹತ್ತು ಬರುತ್ತದೆ. ಕಾರಿನ ಹೆಸರು ಟೆನ್ ಆದುದು ಹಾಗೆ. ಸ್ಟ್ರೋಕಿನ ಉದ್ದಕ್ಕೆ ಸೂತ್ರದಲ್ಲಿ ಸ್ಥಾನವೇ ಇಲ್ಲದಿದ್ದುದರಿಂದ, ಕಾರ್ಖಾನೆಗಳವರು ವ್ಯಾಸವನ್ನು ಕುಗ್ಗಿಸಿ ಉದ್ದವನ್ನು ಹಿಗ್ಗಿಸಿದರು. ಒಂದು ದೇಶದ ಯಂತ್ರಗಳ ಅಂಗಸೌಷ್ಠವವನ್ನೇ ಒಂದು ಕರದ ಕಾನೂನು ಹೀಗೆ ತಿದ್ದಿದುದನ್ನು ನೆನೆದಾಗ ನನಗೆ ಇಂದಿಗೂ ವಿಸ್ಮಯವಾಗುತ್ತದೆ.

ಈ ಎಂಜಿನಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ ತಲೆ ಮೇಲಾಗಿ ನಿಂತಿದ್ದವು. ಒಳಗೆ ಬರುವ ಮಿಶ್ರಣವು ಮೇಲಕ್ಕೇರಿ, ಬಾಗಿ, ಮತ್ತೆ ಕೆಳಗಿಳಿಯಬೇಕಾಗಿದ್ದುದರಿಂದ, ವೇಗ ಹೆಚ್ಚಿದಂತೆಲ್ಲ ಯಂತ್ರವು ಮೂಗು ಕಟ್ಟಿದ ಓಟಗಾರನಂತೆ ಏದುಸಿರು ಬಿಡುತ್ತಿದ್ದಿತು. ಮೂವತ್ತು ಅಶ್ವಶಕ್ತಿಯ ಆಸುಪಾಸಿನಲ್ಲಿ ಅದರ ಸಾಮರ್ಥ್ಯ ಮುಗಿಯುತ್ತಿದ್ದಿತು. ವಾಲ್ವಿನ ಅಂತರವನ್ನು ಸರಿಪಡಿಸಲು ಅದರ ಹಳೆಯ ಮಾದರಿಯಲ್ಲಿ ತಿರುಪೇ ಇರಲಿಲ್ಲ. ವಾಲ್ವನ್ನು ಹೊರತೆಗೆದು, ಅದರ ಕಾಂಡದ ತುದಿಯನ್ನು ಸಾಣೆಕಲ್ಲಿಗೆ ತುಸುವೇ ಹಿಡಿದು, ಮತ್ತೆ ಕೂಡಿಸಿ, ಫೀಲರ್ ಗೇಜಿನ ತೆಳುವಾದ ಅಲಗನ್ನು ನಡುವೆ ತೂರಿಸಿ ನೋಡಬೇಕು. ಒಂದು ಕೂದಲೆಳೆಯಷ್ಟು ಹೆಚ್ಚು ಸವೆದರೂ ಆ ವಾಲ್ವು ಕೆಟ್ಟಂತೆಯೇ. ಇಂಥ ದುಡಿಮೆಯನ್ನು ಎಂಟು ವಾಲ್ವುಗಳಿಗೂ ಮಾಡಿ ಮುಗಿಸಿದವನಿಗೆ ಯಂತ್ರದ ಸ್ವಭಾವ ಕರತಲಾಮಲಕವಾಗುತ್ತಿದ್ದಿತು. ಅಗ್ಗದ ಎಂಜಿನು ಹವ್ಯಾಸಿಗೆ ಒದಗಿಸಿದ ಈ ಶಿಕ್ಷಣವನ್ನು ನಾನು ಅದರ ಅಶ್ವಶಕ್ತಿಗಿಂತ ಹೆಚ್ಚಿನದೆಂದು ಎಣಿಸುತ್ತೇನೆ. ಅಕ್ವಾಪ್ಲೇನ್ ಮೊದಲಾದ ಸಂಸ್ಥೆಗಳು ಅಲ್ಯೂಮಿನಿಯಮ್ ಹೆಡ್ಡುಗಳನ್ನು ಮಾರಿ ಈ ಯಂತ್ರಕ್ಕೆ ತುಸು ಚೈತನ್ಯ ತುಂಬಿದುವು. 750 ಮೋಟಾರ್ ಕ್ಲಬ್ಬು 1172 ಎಂಬ ಹೆಸರಿನಲ್ಲಿಯೇ ಪಂದ್ಯದ ವರ್ಗವೊಂದನ್ನು ಏರ್ಪಡಿಸಿತು.

ಇನ್ನೊಂದು ತೆರಿಗೆಯು ಈ ಹವ್ಯಾಸವನ್ನು ಉದ್ಯಮವಾಗಿಸಿತು. ಯುದ್ಧಕಾಲದಲ್ಲಿ ಹುಟ್ಟಿದ ಪರ್ಚೇಸ್ ಟ್ಯಾಕ್ಸು 1950ರ ದಶಕದ ಕೆಲವು ವರ್ಷಗಳಲ್ಲಿ ಹೊಸ ಕಾರಿನ ಸಗಟು ಬೆಲೆಯ ಅರ್ಧವನ್ನೂ ಮೀರಿದ್ದಿತು. ಬಿಡಿಭಾಗಗಳಾಗಿ ಕೊಂಡು ತಾನೇ ಜೋಡಿಸಿಕೊಳ್ಳುವವನಿಗಾದರೋ ಆ ಹೊರೆಯಿಲ್ಲ. ಲಂಡನ್ನಿನ ಹಾರ್ನ್ಸಿಯಲ್ಲಿ ಲೋಟಸ್ ಸಂಸ್ಥೆಯನ್ನು ಆರಂಭಿಸಿದ ಕಾಲಿನ್ ಚಾಪ್‌ಮನ್ ಈ ಸಂದನ್ನು ಚೆನ್ನಾಗಿ ಬಳಸಿಕೊಂಡನು. ಅವನ ಮಾರ್ಕ್ ಸಿಕ್ಸ್, ಅದರ ಬೆನ್ನಿಗೆ 1957ರಲ್ಲಿ ಬಂದ ಸೆವೆನ್, ಇವೆರಡೂ ಉಕ್ಕಿನ ಕೊಳವೆಗಳ ಹಗುರವಾದ ಚೌಕಟ್ಟಿನ ಮೇಲೆ ಅಲ್ಯೂಮಿನಿಯಮ್ ತಗಡನ್ನು ಹೊದಿಸಿದ ಕಾರುಗಳು. ಸೆವೆನ್ನಿನ ಮೊದಲ ಎಂಜಿನು ಅದೇ 1172ರ ಪರಿಷ್ಕೃತ ರೂಪ, ಮೂರು ಗೇರುಗಳ ಪೆಟ್ಟಿಗೆಯೊಡನೆ. ಗಾಡಿ ಹಗುರವಾಗಿದ್ದುದರಿಂದ ಆ ಸಾಧಾರಣ ಶಕ್ತಿಯೂ ಸಾಲುತ್ತಿದ್ದಿತು; ಆದರೆ ಎರಡನೆಯ ಗೇರಿಗೂ ಮೂರನೆಯದಕ್ಕೂ ನಡುವಣ ಅಂತರವು ಏರುದಾರಿಯಲ್ಲಿ ಚಾಲಕನನ್ನು ಪೀಡಿಸದೆ ಬಿಡುತ್ತಿರಲಿಲ್ಲ.

ಸಿರಿವಂತರಿಗೆ ಕಾವೆಂಟ್ರಿ ಕ್ಲೈಮ್ಯಾಕ್ಸ್ ಎಂಜಿನಿದ್ದಿತು. ಇದರ ಜನ್ಮವೃತ್ತಾಂತ ಸ್ವಾರಸ್ಯವಾದುದು. ಯುದ್ಧಾನಂತರ ಬ್ರಿಟಿಷ್ ಸರ್ಕಾರವು ಕೈಯಲ್ಲಿ ಹೊತ್ತೊಯ್ಯಬಹುದಾದ, ಹಳೆಯದಕ್ಕಿಂತ ಬಹಳ ಹಗುರವಾಗಿಯೂ ಹೆಚ್ಚು ನೀರೆತ್ತುವಂಥದಾಗಿಯೂ ಇರುವ ಅಗ್ನಿಶಾಮಕ ಪಂಪನ್ನು ಬಯಸಿದಾಗ, ವಾಲ್ಟರ್ ಹಸನ್ ಮತ್ತು ಹ್ಯಾರಿ ಮಂಡಿ ಎಂಬ ಇಬ್ಬರು ನಿಪುಣರು 1020 ಸಿಸಿಯ, ಅಲ್ಯೂಮಿನಿಯಮ್ ಮೈಯ, ನೆತ್ತಿಯ ಮೇಲೆ ಕ್ಯಾಮ್‌ಶಾಫ್ಟುಳ್ಳ ಎಂಜಿನನ್ನು ರಚಿಸಿದರು. ಉರಿಯುವ ಮನೆಯ ಮುಂದೆ ಕ್ಷಣಮಾತ್ರದಲ್ಲಿ ಪೂರ್ಣವೇಗಕ್ಕೇರಿ ನಿರಾತಂಕವಾಗಿ ದುಡಿಯಬೇಕಾದ ಯಂತ್ರಕ್ಕೆ ಲಘುತ್ವವೂ ದಾರ್ಢ್ಯವೂ ಅವಶ್ಯಕ. ಪಂದ್ಯದ ಕಾರಿಗೂ ಬೇಕಾದುವು ಅವೇ ಗುಣಗಳು. ಅದನ್ನೇ 1098 ಸಿಸಿಗೆ ಹಿಗ್ಗಿಸಿ 75ರಷ್ಟು ಅಶ್ವಶಕ್ತಿಯನ್ನು ಪಡೆದರು. ಅದನ್ನು ತೊಟ್ಟ ಸೆವೆನ್ನು ದೊಡ್ಡ ದೊಡ್ಡ ಕಾರುಗಳನ್ನು ಹಿಂದಿಕ್ಕಿತು. ಬೆಲೆ ಮಾತ್ರ ಸಾಮಾನ್ಯ ಹವ್ಯಾಸಿಗೆ ನಿಲುಕುವಂತಿರಲಿಲ್ಲ. ಮಧ್ಯಮಾರ್ಗದವರು ಮಾರಿಸ್ ಮೈನರ್, ಆಸ್ಟಿನ್ ಕಾರುಗಳಲ್ಲಿದ್ದ 948 ಸಿಸಿಯ ಎ ಸೀರೀಸ್ ಎಂಜಿನನ್ನು ನಾಲ್ಕು ಗೇರುಗಳ ಸಮೇತ ಆಶ್ರಯಿಸಿದರು.

ಅಶ್ವಶಕ್ತಿಯ ತೆರಿಗೆಯನ್ನು 1948ರಲ್ಲಿಯೇ ತೆಗೆದುಹಾಕಿ ಹೊಸ ಕಾರುಗಳಿಗೆ ಏಕರೂಪದ ಕರವನ್ನು ನಿಗದಿಮಾಡಿದ್ದರೂ, ಅದರ ಪೂರ್ಣಫಲ ಹವ್ಯಾಸಿಯ ಗ್ಯಾರೇಜನ್ನು ಮುಟ್ಟಲು ಹನ್ನೊಂದು ವರ್ಷಗಳು ಹಿಡಿದುವು. 1959ರ ಫೋರ್ಡ್ ಆಂಗ್ಲಿಯಾದಲ್ಲಿ 997 ಸಿಸಿಯ ಹೊಸ ಎಂಜಿನು ಬಂದಿತು: ವ್ಯಾಸ 80.96 ಮಿಲಿಮೀಟರು, ಸ್ಟ್ರೋಕು ಕೇವಲ 48.4. ಹಳೆಯ ಪ್ರಮಾಣ ಸಂಪೂರ್ಣವಾಗಿ ತಲೆಕೆಳಗಾಗಿದ್ದಿತು. ವಿಶಾಲವಾದ ಸಿಲಿಂಡರಿನ ನೆತ್ತಿಯಲ್ಲಿ ದೊಡ್ಡ ವಾಲ್ವುಗಳಿಗೆ ಎಡೆ ದೊರೆಯಿತು. ಪಿಸ್ಟನ್ನಿನ ಓಡಾಟ ಕಡಮೆಯಾದುದರಿಂದ ಎಂಜಿನು ಹೆಚ್ಚು ಸುತ್ತುಗಳನ್ನು ನಿರ್ಭಯವಾಗಿ ಸುತ್ತಬಲ್ಲುದಾಯಿತು. ಹಿಂದಿನ ವರ್ಷವಷ್ಟೇ ಕಾಸ್‌ವರ್ತ್ ಸಂಸ್ಥೆಯನ್ನು ತೆರೆದಿದ್ದ ಮೈಕ್ ಕಾಸ್ಟಿನ್ ಮತ್ತು ಕೀತ್ ಡಕ್‌ವರ್ತ್ ಇದರ ಕ್ಯಾಮನ್ನೂ ಹೆಡ್ಡನ್ನೂ ತಿದ್ದಿ ಫಾರ್ಮುಲಾ ಜೂನಿಯರ್ ಪಂದ್ಯಗಳಲ್ಲಿ ಕೀರ್ತಿಗಳಿಸಿದರು. ಇದೇ ವಂಶದ ಮುಂದಿನ 1340, 1498 ಸಿಸಿಯ ಎಂಜಿನುಗಳಲ್ಲಿ ವ್ಯಾಸ ಬದಲಾಗದೆ ಸ್ಟ್ರೋಕು ಮಾತ್ರ ಬೆಳೆಯಿತು. 1498ರಲ್ಲಿ ಕ್ರ್ಯಾಂಕಿಗೆ ಮೂರರ ಬದಲು ಐದು ಬೇರಿಂಗುಗಳ ಆಧಾರವೂ ಒದಗಿತು. ಎಲ್ಲವೂ ಒಂದೇ ಕುಲದವಾದುದರಿಂದ, ಸಣ್ಣದರಿಂದ ಆರಂಭಿಸಿದವನು ಕೈಯಲ್ಲಿ ಕಾಸು ಕೂಡಿದಂತೆ, ಕಾರನ್ನು ಮತ್ತೆ ಮೊದಲಿನಿಂದ ಕಟ್ಟದೆ, ದೊಡ್ಡದಕ್ಕೆ ಏರಬಹುದಾಗಿದ್ದಿತು. ಹವ್ಯಾಸಿಗಳ ಪಾಲಿಗೆ ಇದಕ್ಕಿಂತ ಉಪಕಾರಿಯಾದ ಎಂಜಿನು ಹುಟ್ಟಿಲ್ಲವೆಂಬುದು ನನ್ನ ಅಭಿಪ್ರಾಯ.

1973ರ ಏಪ್ರಿಲಿನಲ್ಲಿ ಪರ್ಚೇಸ್ ಟ್ಯಾಕ್ಸು ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಿತು. ಬಿಡಿಭಾಗಗಳಿಗಿದ್ದ ವಿನಾಯಿತಿ ಅಲ್ಲಿಗೆ ಕೊನೆಗೊಂಡಿತು. ಅದೇ ವರ್ಷ ಲೋಟಸ್ಸು ಸೆವೆನ್ನಿನ ಹಕ್ಕನ್ನು ಕೇಟರ್‌ಹ್ಯಾಮ್ ಸಂಸ್ಥೆಗೆ ಬಿಟ್ಟುಕೊಟ್ಟಿತು. ಉಳಿತಾಯದ ಆಸೆ ತೀರಿದ ಮೇಲೆಯೂ ಜನ ಕಟ್ಟುವುದನ್ನು ಬಿಡಲಿಲ್ಲ. ಫೋರ್ಡಿನ ಅದೇ ವಂಶದ ಎಂಜಿನುಗಳನ್ನು ಕೇಟರ್‌ಹ್ಯಾಮ್ ಕಾರುಗಳಲ್ಲಿ ಬಹುಕಾಲ ಕೂಡಿಸಿದರು. 1998ರಲ್ಲಿ ಮನೆಯಲ್ಲಿ ಕಟ್ಟಿದ ಕಾರುಗಳಿಗೆ ಸರ್ಕಾರೀ ತಪಾಸಣೆ ಕಡ್ಡಾಯವಾದಾಗ, ಹೊಗೆಯ ಮಿತಿಯನ್ನು ಎಂಜಿನಿನ ವಯಸ್ಸಿಗನುಸಾರವಾಗಿ ಗೊತ್ತುಮಾಡಿದರು. ಅಲ್ಲಿಂದ ಮುಂದೆ ಹಳೆಯ ಎಂಜಿನನ್ನು ಕೊಳ್ಳುವವನು, ಸಿಲಿಂಡರಿನ ಸವೆತವನ್ನು ನೋಡುವುದರ ಜೊತೆಗೆ, ಅದು ತಯಾರಾದ ವರ್ಷಕ್ಕೆ ಲಿಖಿತವಾದ ಪುರಾವೆಯಿದೆಯೇ ಎಂದು ಮಾರುವವನನ್ನು ವಿಚಾರಿಸತೊಡಗಿದನು.