ಪರಮವೀರ ಚಕ್ರ: ಒಂದು ಕಂಚಿನ ಪದಕದ ಕಥೆ, ಮತ್ತು ನಾನು ಕೊಡದ ಒಂದು ಅಂಕ



ಗಣರಾಜ್ಯೋತ್ಸವದಂದು ದೆಹಲಿಯ ಪಥಸಂಚಲನವನ್ನು ದೂರದರ್ಶನದಲ್ಲಿ ನೋಡುವುದು ನಿವೃತ್ತಿಯ ನಂತರ ನನಗೆ ಒಂದು ವ್ರತದಂತಾಗಿದೆ. ಸೇವೆಯಲ್ಲಿದ್ದಾಗ ಆ ಹೊತ್ತಿಗೆ ಶಾಲೆಯ ಧ್ವಜಸ್ತಂಭದ ಕೆಳಗೆ ಮಕ್ಕಳ ಸಾಲು ನೇರ ಮಾಡುತ್ತಿದ್ದೆನಾದ್ದರಿಂದ ಮೆರವಣಿಗೆ ನೋಡುವ ಭಾಗ್ಯವಿರಲಿಲ್ಲ. ಅಲ್ಲಿ ತೆರೆದ ಜೀಪಿನಲ್ಲಿ ನಿಂತು ಬರುವ ಪರಮವೀರ ಚಕ್ರ ಪುರಸ್ಕೃತರನ್ನು ಕಂಡು ನನ್ನ ಮೊಮ್ಮಗ ಕೇಳಿದ: "ಅಜ್ಜಾ, ಅದು ಚಿನ್ನದ ಪದಕವೇ?" ಅಲ್ಲ ಮಗು, ಕಂಚಿನದು ಎಂದೆ. ಓಟದ ಸ್ಪರ್ಧೆಯಲ್ಲಿ ಮೂರನೆಯವನಿಗೆ ಕೊಡುವ ಲೋಹವನ್ನು ದೇಶದ ಅತ್ಯುನ್ನತ ಶೌರ್ಯಕ್ಕೆ ಏಕೆ ಕೊಡುತ್ತಾರೆಂಬುದು ಅವನಿಗೆ ಅರ್ಥವಾಗಲಿಲ್ಲ. ಅವನಿಗೆ ಹೇಳಲು ಕುಳಿತದ್ದು ಬೆಳೆದು ಈ ಲೇಖನವಾಯಿತು. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಮುಂದೆ ಬರುತ್ತದೆ.

ಬ್ರಿಟಿಷರ ಕಾಲದಲ್ಲಿ ಶೌರ್ಯದ ಶಿಖರವೆಂದರೆ ವಿಕ್ಟೋರಿಯಾ ಕ್ರಾಸ್. ಅದನ್ನು ರಾಣಿ ವಿಕ್ಟೋರಿಯಾ 1856ರಲ್ಲಿ ಸ್ಥಾಪಿಸಿದಳು. ಆದರೆ ಅವರ ಪರವಾಗಿ ಅಫ್ಘಾನಿಸ್ತಾನದಲ್ಲಿಯೂ ಬರ್ಮಾದಲ್ಲಿಯೂ ರಕ್ತ ಸುರಿಸಿದ ಭಾರತೀಯ ಸಿಪಾಯಿಗೆ ಅದು 1911ರವರೆಗೆ ನಿಷಿದ್ಧವಾಗಿತ್ತು. ಅವನಿಗೆ ಈಸ್ಟ್ ಇಂಡಿಯಾ ಕಂಪೆನಿ 1837ರಲ್ಲಿ ಆರಂಭಿಸಿದ ಬೇರೊಂದು ಪದಕವಿತ್ತು. ಒಂದೇ ಕಂದಕದಲ್ಲಿ, ಒಂದೇ ಗುಂಡಿನ ಮಳೆಯಲ್ಲಿ ನಿಂತ ಇಬ್ಬರ ಧೈರ್ಯವನ್ನು ಎರಡು ತಕ್ಕಡಿಯಲ್ಲಿ ತೂಗುವ ವ್ಯವಸ್ಥೆ ಅದು. ಮೊದಲ ಮಹಾಯುದ್ಧದ ಆರಂಭದಲ್ಲಿ, 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹೊಲೆಬೆಕೆ ಎಂಬಲ್ಲಿ ಮಷೀನ್ ಗನ್ ಬಿಟ್ಟು ಕದಲದ ಸಿಪಾಯಿ ಖುದಾದಾದ್ ಖಾನ್ ಈ ಗೌರವ ಪಡೆದ ಮೊದಲ ಭಾರತೀಯ ಸೈನಿಕ.

ಸ್ವಾತಂತ್ರ್ಯ ಬಂದ ಎರಡೇ ತಿಂಗಳಲ್ಲಿ ಕಾಶ್ಮೀರದಲ್ಲಿ ಯುದ್ಧ ಹತ್ತಿಕೊಂಡಿತು. ಹುಡುಗರು ಸಾಯುತ್ತಿದ್ದರು, ಆದರೆ ಅವರಿಗೆ ಕೊಡಲು ಸ್ವತಂತ್ರ ದೇಶದ ಬಳಿ ತನ್ನದೆಂಬ ಪದಕವೇ ಇರಲಿಲ್ಲ. ಹೊಸ ಪದಕಗಳನ್ನು ರೂಪಿಸುವ ಹೊಣೆ ಸೇನೆಯ ಮೊದಲ ಭಾರತೀಯ ಅಡ್ಜುಟೆಂಟ್ ಜನರಲ್ ಆಗಿದ್ದ ಮೇಜರ್ ಜನರಲ್ ಹೀರಾಲಾಲ್ ಅಟಲ್ ಅವರ ಪಾಲಿಗೆ ಬಂತು. ಅವರು ವಿನ್ಯಾಸಕ್ಕಾಗಿ ಹೋದದ್ದು ಯಾವ ಪ್ರಸಿದ್ಧ ಚಿತ್ರಕಾರರ ಬಳಿಗೂ ಅಲ್ಲ, ತಮ್ಮ ಸಹೋದ್ಯೋಗಿಯೊಬ್ಬರ ಪತ್ನಿ ಸಾವಿತ್ರಿ ಖಾನೋಲ್ಕರ್ ಅವರ ಬಳಿಗೆ.

ಈ ಸಾವಿತ್ರಿಬಾಯಿಯ ಕಥೆಯನ್ನು ತರಗತಿಯಲ್ಲಿ ಹೇಳಿದ್ದರೆ ನೀವು ಯಾರೂ ನಂಬುತ್ತಿರಲಿಲ್ಲ. ಅವರು ಹುಟ್ಟಿದ್ದು 1913ರಲ್ಲಿ, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ. ಹುಟ್ಟುಹೆಸರು ಈವ್ ಇವೋನ್. ತಂದೆ ಹಂಗೇರಿಯವರು, ತಾಯಿ ರಷ್ಯಾದವರು. ಹದಿಹರೆಯದ ಹುಡುಗಿ ಹಿಮದ ಬೆಟ್ಟದಲ್ಲಿ ಸ್ಕೀಯಿಂಗ್ ಆಡಲು ಹೋದಾಗ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಸೈನಿಕ ತರಬೇತಿ ಪಡೆಯುತ್ತಿದ್ದು ರಜೆಗೆಂದು ಬಂದಿದ್ದ ಮರಾಠಿ ತರುಣ ವಿಕ್ರಮ್ ಖಾನೋಲ್ಕರ್ ಅವರ ಪರಿಚಯವಾಯಿತು. ಪತ್ರಗಳು ಓಡಾಡಿದವು. ಎರಡೂ ಕಡೆಯ ಹಿರಿಯರ ಅಸಮಾಧಾನವನ್ನು ದಾಟಿ 1932ರಲ್ಲಿ ಲಖನೌದಲ್ಲಿ ಮದುವೆಯಾಯಿತು. ಹೆಸರು ಸಾವಿತ್ರಿಯಾಯಿತು. ಸೀರೆ ಉಟ್ಟರು, ಸಸ್ಯಾಹಾರಿಯಾದರು, ಮರಾಠಿ, ಹಿಂದಿ, ಸಂಸ್ಕೃತ ಕಲಿತರು, ವೇದ ಪುರಾಣಗಳನ್ನು ಓದಿದರು, ಮಹಾರಾಷ್ಟ್ರದ ಸಂತರ ಮೇಲೆ ಒಂದು ಪುಸ್ತಕವನ್ನೂ ಬರೆದರು. (ನಮ್ಮ ಮನೆಗಳಲ್ಲಿ ಹುಟ್ಟಿ ಬೆಳೆದ ನಮಗೇ ಇಷ್ಟು ಪುರಾಣ ಬಾರದು ಎಂಬುದನ್ನು ಮೆಲ್ಲಗೆ ಹೇಳಿಬಿಡುತ್ತೇನೆ.)

ಪುರಾಣದ ಆ ಓದೇ ಪದಕದ ಮೇಲೆ ಮೂಡಿತು. ವೃತ್ರಾಸುರನ ವಧೆಗೆ ಆಯುಧ ಬೇಕಾದಾಗ ದಧೀಚಿ ಮಹರ್ಷಿ ತನ್ನ ದೇಹವನ್ನೇ ತೊರೆದು ಎಲುಬುಗಳನ್ನು ಕೊಟ್ಟನು, ಅದರಿಂದ ಇಂದ್ರನ ವಜ್ರಾಯುಧವಾಯಿತು ಎಂಬ ಕಥೆ ನಿಮಗೆ ಗೊತ್ತು. ಸುಮಾರು ಮೂರೂವರೆ ಸೆಂಟಿಮೀಟರ್ ವ್ಯಾಸದ ಆ ಕಂಚಿನ ಬಿಲ್ಲೆಯ ನಡುವೆ ರಾಷ್ಟ್ರಲಾಂಛನ, ಸುತ್ತ ನಾಲ್ಕು ವಜ್ರಾಯುಧಗಳು. ಹಿಂಬದಿಯಲ್ಲಿ ಹಿಂದಿ ಮತ್ತು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು, ನಡುವೆ ಎರಡು ಕಮಲ. ಮೇಲೆ ನೇರಳೆ ಬಣ್ಣದ ರಿಬ್ಬನ್. ಅಷ್ಟೇ. ಅಶೋಕ ಚಕ್ರ, ಮಹಾವೀರ ಚಕ್ರ ಮೊದಲಾದವುಗಳ ವಿನ್ಯಾಸವೂ ಈಕೆಯದೇ. ಪತಿಯ ನಿಧನಾನಂತರ ರಾಮಕೃಷ್ಣ ಮಿಷನ್ನಿನ ಆಶ್ರಯದಲ್ಲಿ ಬಾಳಿ 1990ರಲ್ಲಿ ತೀರಿಕೊಂಡರು.

1950ರ ಜನವರಿ 26ರಂದು, ನಾವು ಗಣರಾಜ್ಯವಾದ ದಿನವೇ, ಪ್ರಶಸ್ತಿ ಸ್ಥಾಪಿತವಾಯಿತು. ಆದರೆ 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ. ಹೀಗಾಗಿ ಮೊದಲ ಗೌರವ 1947ರ ನವೆಂಬರ್ 3ರಂದು ಬಡಗಾಂನಲ್ಲಿ ಮಡಿದ ಕುಮಾವೂಂ ರೆಜಿಮೆಂಟಿನ ಮೇಜರ್ ಸೋಮನಾಥ ಶರ್ಮಾ ಅವರಿಗೆ ಸಂದಿತು. ಎಡಗೈ ಮುರಿದು ಪ್ಲಾಸ್ಟರಿನಲ್ಲಿತ್ತು, ಯುದ್ಧಕ್ಕೆ ಹೋಗಬೇಕಾದ ಸ್ಥಿತಿಯಲ್ಲಿ ಅವರಿರಲಿಲ್ಲ, ಹಠ ಹಿಡಿದು ಹೋದರು. ಶ್ರೀನಗರದ ವಿಮಾನನಿಲ್ದಾಣ ಶತ್ರುವಿನ ಕೈಸೇರಿದರೆ ಕಾಶ್ಮೀರಕ್ಕೆ ಸೇನೆ ಇಳಿಯುವ ದಾರಿಯೇ ಮುಚ್ಚುತ್ತಿತ್ತು. ಏಳು ಪಟ್ಟು ಹೆಚ್ಚಿದ್ದ ದಾಳಿಕೋರರ ಎದುರು ಅವರು ಒಂದು ಕೈಯಲ್ಲೇ ಮದ್ದುಗುಂಡು ತುಂಬಿ ತುಂಬಿ ಜೊತೆಯವರಿಗೆ ಕೊಡುತ್ತ ಓಡಾಡಿದರು. ಮಾರ್ಟರ್ ಗುಂಡೊಂದು ಅಲ್ಲಿದ್ದ ಮದ್ದಿನ ಮೇಲೆಯೇ ಬಿತ್ತು. ದಿನಗಳ ನಂತರ ಸಿಕ್ಕ ದೇಹವನ್ನು ಗುರುತಿಸಿದ್ದು ಪಿಸ್ತೂಲಿನ ಚರ್ಮದ ಚೀಲದಿಂದ ಮತ್ತು ಅಂಗಿಯ ಕಿಸೆಯಲ್ಲಿದ್ದ ಭಗವದ್ಗೀತೆಯ ಹಾಳೆಗಳಿಂದ. ಆಗ ಅವರ ವಯಸ್ಸು ಇಪ್ಪತ್ತನಾಲ್ಕು. ಪದಕ ರೂಪಿಸಿದ ಸಾವಿತ್ರಿಬಾಯಿಯ ಹಿರಿಯ ಮಗಳು ಸೋಮನಾಥರ ತಮ್ಮನ ಹೆಂಡತಿ ಎಂಬುದು ಇತಿಹಾಸದ ಒಂದು ವಿಚಿತ್ರ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

1986 ಇರಬೇಕು. ನಾನಾಗ ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯ ಕಿರುಪರೀಕ್ಷೆಗೆ ಒಂದು ಅಂಕದ ಪ್ರಶ್ನೆ ಹಾಕಿದೆ: ಪರಮವೀರ ಚಕ್ರ ಪಡೆದ ಮೊದಲಿಗರು ಯಾರು? ಕಾರವಾರದ ಕಡೆಯಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಒಬ್ಬ ಹುಡುಗ 'ರಾಣೆ' ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟೆ. ಅವನು ಉತ್ತರಪತ್ರಿಕೆ ಹಿಡಿದುಕೊಂಡು ಮೇಜಿನ ಬಳಿಗೆ ಬಂದ. "ಸರ್, ಸೋಮನಾಥ ಶರ್ಮಾ ಮೊದಲೇ ತೀರಿಹೋಗಿದ್ದರಲ್ಲ. ಸತ್ತವರು ಹೇಗೆ ಪಡೆಯುತ್ತಾರೆ? ಕೈಯಲ್ಲಿ ಪಡೆದವರು ನಮ್ಮೂರ ಕಡೆಯ ರಾಣೆಯವರು. ಈಗ ಪುಣೆಯಲ್ಲಿದ್ದಾರಂತೆ." ಅಧಿಕಪ್ರಸಂಗ ಮಾಡಬೇಡ, ಹೋಗಿ ಕೂತುಕೋ ಎಂದೆ. ತರಗತಿ ನಕ್ಕಿತು. ಅವನ ಮುಖ ಇಂದಿಗೂ ಕಣ್ಣ ಮುಂದಿದೆ.

ಅವನು ಹೇಳಿದ್ದು ಸತ್ಯ. ಬದುಕಿದ್ದು ಪರಮವೀರ ಚಕ್ರಕ್ಕೆ ಪಾತ್ರರಾದ ಮೊದಲಿಗರು ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆ. ಮೂಲ ಊರು ಕಾರವಾರ ತಾಲ್ಲೂಕಿನ ಚೆಂಡಿಯಾ. ತಂದೆ ನಮ್ಮದೇ ಜಿಲ್ಲೆಯಲ್ಲಿ ಪೊಲೀಸ್ ಪೇದೆ. 1940ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಬಾಂಬೆ ಎಂಜಿನಿಯರ್ಸ್ ಸೇರಿ, ಬರ್ಮಾದಲ್ಲಿ ಜಪಾನೀಯರ ವಿರುದ್ಧ ಸೆಣಸಿ, ಹವಾಲ್ದಾರರಾಗಿ, 1947ರ ಡಿಸೆಂಬರಿನಲ್ಲಷ್ಟೇ ಅಧಿಕಾರಿಯಾಗಿದ್ದರು.

1948ರ ಏಪ್ರಿಲ್. ನೌಶೇರಾದಿಂದ ರಜೌರಿಗೆ ಸೇನೆ ಹೋಗಬೇಕು. ಅದು ಮೊಘಲರು ಕಾಶ್ಮೀರಕ್ಕೆ ಹೋಗುತ್ತಿದ್ದ ಹಳೆಯ ಹಾದಿ. ನಡುವಿನ ಚಿಂಗಸ್‌ನ ಸರಾಯಿಯಲ್ಲಿ ಜಹಾಂಗೀರನ ಕರುಳನ್ನು ಹೂಳಲಾಗಿದೆ ಎಂಬ ಪ್ರತೀತಿಯಿದೆ. (ಪಾಠದಲ್ಲಿ ಅವನ ನ್ಯಾಯದ ಗಂಟೆಯ ಬಗ್ಗೆ ಮಾತ್ರ ಹೇಳಿದ್ದೆ.) ರಜೌರಿಯ ಜನರ ಮೇಲೆ ದಾಳಿಕೋರರ ಅತ್ಯಾಚಾರ ನಡೆದಿತ್ತು, ತಡಮಾಡುವಂತಿರಲಿಲ್ಲ. ಆದರೆ ದಾರಿಯುದ್ದಕ್ಕೂ ನೆಲಬಾಂಬು, ಕಡಿದು ಕೆಡವಿದ ಪೈನ್ ಮರಗಳು. ದಾರಿ ತೆರೆಯುವ ಕೆಲಸ ರಾಣೆಯವರ ತುಕಡಿಯದು. 8ರಂದು ಕೆಲಸ ಆರಂಭಿಸಿದೊಡನೆಯೇ ಮಾರ್ಟರ್ ದಾಳಿಗೆ ಇಬ್ಬರು ಸತ್ತರು, ರಾಣೆಯವರೂ ಸೇರಿ ಐವರು ಗಾಯಗೊಂಡರು. ಅವರು ಹಿಂದಕ್ಕೆ ಹೋಗಲಿಲ್ಲ. ಒಂದು ಹಂತದಲ್ಲಿ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಮೇಲಿನ ಚಾಲಕನಿಗೆ ಹಗ್ಗ ಜಗ್ಗಿ ನಿಲ್ಲು, ಹೋಗು ಎಂಬ ಸಂಕೇತ ಕೊಡುತ್ತ ನೆಲಬಾಂಬುಗಳ ನಡುವೆ ಟ್ಯಾಂಕನ್ನು ದಾಟಿಸಿದರು. ಚಕ್ರಗಳ ನಡುವೆ, ಹೊಟ್ಟೆಯ ಮೇಲೆ, ಗಾಯದ ಕಾಲಿನಲ್ಲಿ! ಹೀಗೆ 11ರವರೆಗೆ ನಾಲ್ಕು ದಿನ, ಸರಿಯಾದ ಅನ್ನ ನಿದ್ರೆಗಳಿಲ್ಲದೆ. 12ರಂದು ಸೇನೆ ರಜೌರಿ ಸೇರಿತು.

ಈ ಶೌರ್ಯದಲ್ಲಿ ಕತ್ತಿ ಬೀಸಿದ್ದಿಲ್ಲ, ಶತ್ರುವಿನ ಎದೆಗೆ ಗುರಿಯಿಟ್ಟದ್ದಿಲ್ಲ. ಬೇರೆಯವರು ನಡೆಯಲೆಂದು ದಾರಿ ಗುಡಿಸಿದ್ದು. ನನ್ನ ಮಟ್ಟಿಗೆ ಇಪ್ಪತ್ತೊಂದರಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿದೆ. ಜಿಲ್ಲಾಭಿಮಾನವೆಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳುತ್ತೇನೆ.

ರಾಣೆಯವರು 1968ರಲ್ಲಿ ಮೇಜರ್ ಆಗಿ ನಿವೃತ್ತರಾಗಿ, 1994ರಲ್ಲಿ ಪುಣೆಯಲ್ಲಿ ಕಾಲವಾದರು. ಅಂದರೆ ನಾನು ಆ ಹುಡುಗನನ್ನು ಗದರಿದಾಗ ಅವರು ಬದುಕಿದ್ದರು. ಒಂದು ಅಂಚೆಕಾಗದ ಬರೆದಿದ್ದರೆ ಅವರು ನಮ್ಮ ಶಾಲೆಗೆ ಬರುತ್ತಿದ್ದರೋ ಇಲ್ಲವೋ, ಉತ್ತರವನ್ನಾದರೂ ಬರೆಯುತ್ತಿದ್ದರೇನೋ. ಇತಿಹಾಸ ಕಲಿಸುವವನಿಗೆ ಪಾಣಿಪತ್ತಿನ ಮೂರೂ ಯುದ್ಧಗಳ ಇಸವಿ ಬಾಯಿಪಾಠವಿತ್ತು, ತನ್ನ ಜಿಲ್ಲೆಯ ಪರಮವೀರ ಬದುಕಿರುವುದು ಗೊತ್ತಿರಲಿಲ್ಲ.

ಇಂದಿನವರೆಗೆ ಪರಮವೀರ ಚಕ್ರ ಸಂದಿರುವುದು ಇಪ್ಪತ್ತೊಂದು ಜನರಿಗೆ ಮಾತ್ರ. ಅವರಲ್ಲಿ ಹದಿನಾಲ್ವರಿಗೆ ಮರಣೋತ್ತರವಾಗಿ. ಇಪ್ಪತ್ತು ಮಂದಿ ಭೂಸೇನೆಯವರು. ವಾಯುಸೇನೆಯಿಂದ ಒಬ್ಬರೇ, 1971ರಲ್ಲಿ ಶ್ರೀನಗರದ ಆಕಾಶದಲ್ಲಿ ಏಕಾಂಗಿಯಾಗಿ ಕಾದಾಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್. ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಮಡಿದದ್ದು ನಮ್ಮ ಗಡಿಯಲ್ಲಿ ಅಲ್ಲ, 1961ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯೊಂದಿಗೆ ಆಫ್ರಿಕಾದ ಕಾಂಗೋದಲ್ಲಿ. ಮರಣೋತ್ತರವೆಂದು ಘೋಷಿಸಿದ ಮೇಲೆ ಬದುಕಿರುವರೆಂದು ತಿಳಿದ ಪ್ರಸಂಗಗಳೂ ಎರಡಿವೆ. 1962ರ ಮೇಜರ್ ಧನ್ ಸಿಂಗ್ ಥಾಪಾ ಚೀನೀಯರ ಸೆರೆಯಲ್ಲಿದ್ದರು. ಕಾರ್ಗಿಲ್‌ನ ಟೈಗರ್ ಹಿಲ್ ಹತ್ತಿದ ಹತ್ತೊಂಬತ್ತರ ಹುಡುಗ ಯೋಗೇಂದ್ರ ಸಿಂಗ್ ಯಾದವ್ ಆಸ್ಪತ್ರೆಯಲ್ಲಿದ್ದರು. ಅದೇ ಹೆಸರಿನ ಇನ್ನೊಬ್ಬ ಯೋಧ ತೀರಿಕೊಂಡಿದ್ದರಿಂದ ಆದ ಗೊಂದಲ ಅದು.

ನನ್ನನ್ನು ಹೆಚ್ಚು ಕಾಡುವುದು ಸಾಕ್ಷಿಯ ಪ್ರಶ್ನೆ. ಶೌರ್ಯವನ್ನು ಯಾರಾದರೂ ಕಂಡಿರಬೇಕು, ಕಂಡವರು ಬದುಕಿರಬೇಕು, ಅವರ ಮಾತನ್ನು ಮೇಲಿನವರು ನಂಬಬೇಕು. 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಸುಮಾರು ನೂರಿಪ್ಪತ್ತು ಜನರ ತುಕಡಿಯಲ್ಲಿ ನೂರಹದಿನಾಲ್ಕು ಮಂದಿ ಸತ್ತರು. ಉಳಿದ ಬೆರಳೆಣಿಕೆಯ ಸೈನಿಕರು ಬಂದು ಹೇಳಿದ ಕಥೆಯನ್ನು ಮೊದಲು ಯಾರೂ ನಂಬಲಿಲ್ಲ. ಚಳಿ ತಗ್ಗುತ್ತಿದ್ದಾಗ, 1963ರ ಫೆಬ್ರುವರಿಯಲ್ಲಿ ಕುರುಬನೊಬ್ಬ ಆ ಬೆಟ್ಟಕ್ಕೆ ಹೋದನು. ಕಂದಕಗಳಲ್ಲಿ ಹೆಪ್ಪುಗಟ್ಟಿದ ದೇಹಗಳು, ಕೈಗಳಲ್ಲಿ ಇನ್ನೂ ಬಂದೂಕು! ಸತ್ತವರೇ ಸಾಕ್ಷಿ ಹೇಳಬೇಕಾಯಿತು.

ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ವಿಷಯದಲ್ಲಂತೂ ಸಾಕ್ಷಿ ಬಂದದ್ದು ಎದುರು ಪಾಳಯದಿಂದ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋದ ಅವರ ಮಿಸ್ಟೇರ್ ವಿಮಾನ ಹಿಂದಿರುಗಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ತಮಗಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿ ಮಡಿದರು ಎಂಬುದು ಹೊರಗೆ ಬಂದದ್ದು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ 1979ರಲ್ಲಿ ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಸಂದಿತು, ಆದರೆ 1988ರಲ್ಲಿ, ಇಪ್ಪತ್ತಮೂರು ವರ್ಷ ತಡವಾಗಿ.

2023ರ ಜನವರಿ 23ರಂದು ಅಂಡಮಾನಿನ ಇಪ್ಪತ್ತೊಂದು ಹೆಸರಿಲ್ಲದ ದ್ವೀಪಗಳಿಗೆ ಇಪ್ಪತ್ತೊಂದು ಪರಮವೀರರ ಹೆಸರಿಟ್ಟರು. ಆ ಸಂಜೆ ನನಗೆ ದೂರವಾಣಿ ಬಂತು. "ಸರ್, ರಾಣೆ ದ್ವೀಪ ಆಯಿತಲ್ಲ, ಈಗಲಾದರೂ ನನ್ನ ಒಂದು ಅಂಕ ಕೊಡುತ್ತೀರಾ?" ಮೂವತ್ತೇಳು ವರ್ಷಗಳ ನಂತರ! ಈಗ ಅವನಿಗೇ ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ. ಕಳೆದ ಡಿಸೆಂಬರಿನಲ್ಲಿ ಅವನೇ ನನ್ನನ್ನು ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋಗಿ, ಚಪಲ್ ಯುದ್ಧನೌಕೆಯ ಪಕ್ಕದಲ್ಲಿರುವ ರಾಣೆಯವರ ಪ್ರತಿಮೆಯ ಮುಂದೆ ನಿಲ್ಲಿಸಿದ. ಕಿಸೆಯಲ್ಲಿ ಕೆಂಪು ಪೆನ್ನು ತಂದಿದ್ದ, ತುಂಟ. ಅವನು ಚಾಚಿದ ಬಸ್ ಟಿಕೇಟಿನ ಹಿಂಬದಿಯಲ್ಲಿ ಪ್ರಶ್ನೆಯನ್ನು ಮತ್ತೆ ಬರೆದೆ, ಅವನು ಉತ್ತರ ಬರೆದ, ನಾನು ಒಂದು ಅಂಕ ಹಾಕಿ ಸಹಿ ಮಾಡಿದೆ. 'ಪಡೆದ' ಎಂಬ ಪದವನ್ನು ಮಾತ್ರ ಬದಲಿಸಲಿಲ್ಲ.