ನಾಯಿಗಳಲ್ಲಿ ದೀರ್ಘಕಾಲದ ಸ್ಟೀರಾಯ್ಡ್ ಚಿಕಿತ್ಸೆ

ಪೂರ್ತಿ ವಾಸಿಯಾಗದ ಕಾಯಿಲೆಯಿರುವ ನಾಯಿಗೆ ಅಡ್ರಿನಲ್ ಗ್ರಂಥಿಯ ಹೊರಪದರದ ಹಾರ್ಮೋನನ್ನೋ ಅದರ ಕೃತಕ ರೂಪವನ್ನೋ ತಿಂಗಳುಗಟ್ಟಲೆ, ಕೆಲವೊಮ್ಮೆ ಜೀವನಪೂರ್ತಿ ಕೊಡುವ ಪದ್ಧತಿ. ಚರ್ಮದ ಅಲರ್ಜಿ, ಹಳೆಯ ಕೆಮ್ಮು, ಕರುಳಿನ ಉರಿಯೂತ, ದೇಹ ತನ್ನದೇ ಕೆಂಪು ರಕ್ತಕಣಗಳನ್ನು ನಾಶಮಾಡಿಕೊಳ್ಳುವ ರಕ್ತಹೀನತೆ, ಅಡಿಸನ್ ಕಾಯಿಲೆ ಇವುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ. ಈ ಔಷಧಿ ಕೈಗೆ ಸಿಕ್ಕಿದ ಮೇಲೆ ಪಶುವೈದ್ಯರು ಕಲಿತದ್ದೆಲ್ಲ ಬಹುಮಟ್ಟಿಗೆ ಅದನ್ನು ಕಡಿಮೆ ಕೊಡುವುದು ಹೇಗೆ ಎಂಬುದನ್ನೇ.

ನಾಯಿ ಈ ಚರಿತ್ರೆಯೊಳಗೆ ಬಂದದ್ದು ರೋಗಿಯಾಗಿ ಅಲ್ಲ, ಪ್ರಯೋಗದ ಪ್ರಾಣಿಯಾಗಿ. ಅಡ್ರಿನಲ್ ಗ್ರಂಥಿ ಹಾಳಾದರೆ ಮನುಷ್ಯ ಸೊರಗಿ ಸಾಯುತ್ತಾನೆಂದು ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲಿ ಬರೆದಿದ್ದರು. ಕ್ಲೀವ್‌ಲ್ಯಾಂಡಿನ ರೋಗಾಫ್ ಮತ್ತು ಸ್ಟೀವರ್ಟ್ 1920ರ ದಶಕದಲ್ಲಿ ನಾಯಿಗಳ ಅಡ್ರಿನಲ್ ಗ್ರಂಥಿಗಳನ್ನು ತೆಗೆದುಹಾಕಿ, ಗ್ರಂಥಿಯ ಸಾರವನ್ನು ಚುಚ್ಚಿ, ಅವು ಇನ್ನಷ್ಟು ದಿನ ಬದುಕುವುದನ್ನು ತೋರಿಸಿದರು. ಆ ಸಾರದಲ್ಲಿ ಏನಿದೆಯೆಂದು ಬಿಡಿಸಿ ನೋಡಿದವರು ಮೇಯೋ ಕ್ಲಿನಿಕ್ಕಿನ ಎಡ್ವರ್ಡ್ ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ಟಾಡ್ಯೂಸ್ ರೈಖ್‌ಸ್ಟೈನ್. 1948ರಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಆ ಸಾರದಲ್ಲಿ ಪತ್ತೆಯಾದ ಕಾರ್ಟಿಸೋನ್ ಕೊಟ್ಟರು. ಎರಡು ವರ್ಷದಲ್ಲಿ ಮೂವರಿಗೂ ನೊಬೆಲ್ ಬಂತು.

ಆದರೆ ಆಗಿನ ಕಾರ್ಟಿಸೋನ್ ತಯಾರಾಗುತ್ತಿದ್ದದ್ದು ದನದ ಪಿತ್ತರಸದಿಂದ, ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ. ಮನುಷ್ಯರಿಗೇ ಸಾಲದ ಔಷಧಿ ನಾಯಿಗೆಲ್ಲಿ ದಕ್ಕೀತು? 1952ರಲ್ಲಿ ಅಪ್‌ಜಾನ್ ಕಂಪನಿ ಒಂದು ಬೂಷ್ಟಿನಿಂದ ಆ ಕೆಲಸದ ಕಷ್ಟದ ಹಂತವನ್ನು ಮಾಡಿಸಿದ ಮೇಲೆ ಬೆಲೆ ಇಳಿಯಿತು. 1955ರಲ್ಲಿ ಷೆರಿಂಗ್ ಕಂಪನಿಯ ಪ್ರೆಡ್ನಿಸೋನ್ ಮತ್ತು ಪ್ರೆಡ್ನಿಸೊಲೋನ್ ಬಂದವು. ಇಂದಿಗೂ ನಾಯಿಗಳ ಚಿಕಿತ್ಸೆ ನಿಂತಿರುವುದು ಮುಖ್ಯವಾಗಿ ಈ ಎರಡರ ಮೇಲೆ. ನಾಯಿಯ ಯಕೃತ್ತು ಮೊದಲನೆಯದನ್ನು ಎರಡನೆಯದಾಗಿ ಸಲೀಸಾಗಿ ಬದಲಿಸಿಕೊಳ್ಳುತ್ತದೆ, ಬೆಕ್ಕಿಗೆ ಅದು ಅಷ್ಟಾಗಿ ಆಗುವುದಿಲ್ಲ. ಭಾರತದಲ್ಲಿ ಪಶುವೈದ್ಯರು ಎಷ್ಟೋ ಸಲ ಬರೆದುಕೊಡುವುದು ಮನುಷ್ಯರಿಗೆಂದು ಮಾರುವ ವೈಸೊಲೋನ್ ಮಾತ್ರೆಯನ್ನೇ.

ನಾಯಿಗಳಿಗೂ ಅಡಿಸನ್ ಕಾಯಿಲೆ ಬರುತ್ತದೆಂದು 1953ರಲ್ಲಿ ವಿವರಿಸಿದವರು ಅಮೆರಿಕದ ಪಶುರೋಗಶಾಸ್ತ್ರಜ್ಞ ವಿಲಿಯಂ ಹ್ಯಾಡ್ಲೋ. 1960ರ ದಶಕದಲ್ಲಿ ಬಾಸ್ಟನ್ನಿನ ಲೂಯಿಸ್ ಮತ್ತು ಶ್ವಾರ್ಟ್ಜ್ ನಾಯಿಗಳಲ್ಲೂ ಲೂಪಸ್‌ನಂಥ, ದೇಹ ತನ್ನ ಮೇಲೇ ತಿರುಗಿಬೀಳುವ ಕಾಯಿಲೆಗಳಿವೆಯೆಂದು ತೋರಿಸಿದರು. ತುರಿಕೆ ನಿಲ್ಲಿಸಲು ಕಿಲೋ ತೂಕಕ್ಕೆ ದಿನಕ್ಕೆ 0.5ರಿಂದ 1 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಸಾಕಾದರೆ, ಇಂಥ ಕಾಯಿಲೆಗಳಿಗೆ 2 ಮಿಲಿಗ್ರಾಂವರೆಗೂ, ಅದಕ್ಕೂ ಮೇಲೆಯೂ ಬೇಕಾಯಿತು.

ದುಷ್ಪರಿಣಾಮಗಳನ್ನು ವೈದ್ಯರಿಗಿಂತ ಮೊದಲು ಕಂಡವರು ಮನೆಯವರು. ನಾಯಿ ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ರಾತ್ರಿಯೆಲ್ಲ ಉಚ್ಚೆಗೆ ಏಳುತ್ತದೆ, ಎಷ್ಟು ಹಾಕಿದರೂ ಇನ್ನೂ ಬೇಕೆನ್ನುತ್ತದೆ, ಸುಮ್ಮನೆ ಮಲಗಿದ್ದರೂ ಏದುಸಿರು ಬಿಡುತ್ತದೆ. ವರ್ಷ ಕಳೆಯುವಷ್ಟರಲ್ಲಿ ಹೊಟ್ಟೆ ಜೋಲುತ್ತದೆ, ಕಾಲಿನ ಮಾಂಸ ಕರಗುತ್ತದೆ, ಕೂದಲು ಉದುರುತ್ತದೆ, ಕೆಲವಕ್ಕೆ ಚರ್ಮದಲ್ಲಿ ಸುಣ್ಣ ಕಟ್ಟುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಒಂದು ರೂಪ ನಾಯಿಗಳಲ್ಲಷ್ಟೇ ಸ್ಟೀರಾಯ್ಡಿನಿಂದ ಏರುವುದರಿಂದ, ರಕ್ತಪರೀಕ್ಷೆಯ ಅಂಕಿ ನೋಡಿ ಯಕೃತ್ತು ಕೆಟ್ಟಿತೆಂದು ಗಾಬರಿಯಾಗುವುದೂ ಉಂಟು. 1985ರಲ್ಲಿ ಕ್ಯಾಲಿಫೋರ್ನಿಯಾದ ತಜ್ಞರು ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡ ಚರ್ಮರೋಗದ ನಾಯಿಗಳನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಐದರಲ್ಲಿ ಎರಡಕ್ಕೆ ಮೂತ್ರಕೋಶದ ಸೋಂಕಿತ್ತು. ಸೋಂಕಿನ ಉರಿಯನ್ನೂ ಔಷಧಿಯೇ ಅಡಗಿಸುವುದರಿಂದ ಅದು ಹೊರಗೆ ಕಾಣುವುದಿಲ್ಲ. ಮೂತ್ರವನ್ನು ಕಲ್ಚರ್‌ಗೆ ಕಳಿಸಿಯೇ ತಿಳಿಯಬೇಕು.

ಇದಕ್ಕಿಂತ ಗಂಭೀರವಾದದ್ದು ಗ್ರಂಥಿಯ ನಿದ್ದೆ. ಹೊರಗಿನಿಂದ ಹಾರ್ಮೋನು ಸಿಗುತ್ತಿದ್ದರೆ ನಾಯಿಯ ಸ್ವಂತ ಅಡ್ರಿನಲ್ ಕುಗ್ಗುತ್ತದೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಬರಬಹುದು. ವಾರಗಟ್ಟಲೆ ಕೆಲಸ ಮಾಡುವ ಮೀಥೈಲ್‌ಪ್ರೆಡ್ನಿಸೊಲೋನ್ ಅಸಿಟೇಟಿನ ಒಂದೇ ಚುಚ್ಚುಮದ್ದು ಕನಿಷ್ಠ ಐದು ವಾರ ಗ್ರಂಥಿಯನ್ನು ತಗ್ಗಿಸಿಡುತ್ತದೆಂದು 1981ರಲ್ಲಿ ಗೊತ್ತಾಯಿತು. ಮಾತ್ರೆ ನುಂಗಿಸುವ ಜಗಳವಿಲ್ಲದ ಆ ಸೂಜಿ ಮಾಲೀಕರಿಗೆ ಇಷ್ಟವೇ, ಆದರೆ ಚುಚ್ಚಿದ್ದನ್ನು ಹಿಂದಕ್ಕೆ ತೆಗೆಯುವಂತಿಲ್ಲ. ಪರಿಹಾರದ ದಾರಿ ಮನುಷ್ಯ ವೈದ್ಯದಿಂದ ಬಂತು. 1963ರಲ್ಲಿ ಹಾರ್ಟರ್, ರೆಡ್ಡಿ ಮತ್ತು ಥಾರ್ನ್ ದಿನ ಬಿಟ್ಟು ದಿನ ಔಷಧಿ ಕೊಡುವ ಕ್ರಮವನ್ನು ಪ್ರಕಟಿಸಿದ್ದರು. ಪ್ರೆಡ್ನಿಸೊಲೋನಿನ ಪ್ರಭಾವ 12ರಿಂದ 36 ಗಂಟೆ ಇರುವುದರಿಂದ ನಡುವಿನ ದಿನ ಗ್ರಂಥಿಗೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆ. ಹೆಚ್ಚು ಹೊತ್ತು ನಿಲ್ಲುವ ಡೆಕ್ಸಾಮೆಥಾಸೋನ್ ಇದಕ್ಕೆ ಒಗ್ಗುವುದಿಲ್ಲ. ದೊಡ್ಡ ನಾಯಿಗಳಿಗೆ ತೂಕದ ಲೆಕ್ಕ ಹೆಚ್ಚಾಗುತ್ತದೆಂದು ಕಂಡುಬಂದು, 2019ರ ಅಂತರರಾಷ್ಟ್ರೀಯ ತಜ್ಞರ ಶಿಫಾರಸು 25 ಕಿಲೋ ಮೀರಿದವಕ್ಕೆ ದೇಹದ ಮೇಲ್ಮೈ ವಿಸ್ತೀರ್ಣದ ಲೆಕ್ಕವನ್ನು ಸೂಚಿಸಿತು.

ಈಚೆಗೆ ಅಲರ್ಜಿಯ ನಾಯಿಗಳಿಗೆ ಬೇರೆ ಔಷಧಿಗಳಿವೆ: ಸೈಕ್ಲೋಸ್ಪೋರಿನ್, 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಓಕ್ಲಾಸಿಟಿನಿಬ್, ಆಮೇಲೆ ಬಂದ ಲೋಕಿವೆಟ್‌ಮ್ಯಾಬ್ ಚುಚ್ಚುಮದ್ದು. ಇವು ದುಬಾರಿ, ಪ್ರೆಡ್ನಿಸೊಲೋನ್ ಅಗ್ಗ. ಶ್ವಾಸನಾಳದ ಕಾಯಿಲೆಗೆ ಮುಖವಾಡದ ಮೂಲಕ ಫ್ಲುಟಿಕಾಸೋನ್ ಉಸಿರಾಡಿಸುವ ಪದ್ಧತಿಯೂ ಬಂದಿದೆ. ಅಡಿಸನ್ ಕಾಯಿಲೆಗೆ ಮಾತ್ರ ಸ್ಟೀರಾಯ್ಡ್ ಬಿಟ್ಟರೆ ಗತಿಯಿಲ್ಲ. ಆ ನಾಯಿಗಳು ಲವಣ ಕಾಯುವ ಹಾರ್ಮೋನಿನ ಚುಚ್ಚುಮದ್ದನ್ನು ಸುಮಾರು 25 ದಿನಕ್ಕೊಮ್ಮೆ ಅಥವಾ ಫ್ಲೂಡ್ರೊಕಾರ್ಟಿಸೋನ್ ಮಾತ್ರೆಯನ್ನು ದಿನವೂ ಪಡೆಯುತ್ತವೆ. ಅದರ ಜೊತೆಗೆ ಬೇಕಾಗುವ ಪ್ರೆಡ್ನಿಸೊಲೋನಿನ ಪ್ರಮಾಣ ತೀರಾ ಅಲ್ಪ. ಶಸ್ತ್ರಚಿಕಿತ್ಸೆ ಅಥವಾ ದೂರ ಪ್ರಯಾಣದ ಹೊತ್ತಿನಲ್ಲಿ ಅದನ್ನು ಸ್ವಲ್ಪ ಹೆಚ್ಚಿಸುತ್ತಾರೆ.